ನೀಲಿ ಮುಚ್ಚಳ

ಮಳೆ ನಿಂತ ಮೇಲೆ, ವರ್ಷಕ್ಕೊಮ್ಮೆ,
ಚೀಲದ ತುಂಬ ಡಬ್ಬಿ ಹೊತ್ತು ಮನೆಮನೆ ಸುತ್ತುತ್ತೇನೆ.
ಹೆಬ್ಬೆರಳುದ್ದದ ಪ್ಲಾಸ್ಟಿಕ್, ನೀಲಿ ಮುಚ್ಚಳ,
ಮುಚ್ಚಳದ ಮೇಲೆ ನನ್ನ ಕೈಬರಹದಲ್ಲಿ ಅವರವರ ಹೆಸರು.
ಹುಣಸೆ ಬೀಜದಷ್ಟು ಸಾಕು, ಎನ್ನುತ್ತೇನೆ.
'ಬಂದಳಪ್ಪ ಬುವಾಲೈ, ಕಕ್ಕಸಿನ ಕಂದಾಯಕ್ಕೆ!'
ಟೈರ್ ಅಂಗಡಿಯ ಪ್ರಯೂನ್ ಬೀದಿಗೆಲ್ಲ ಕೇಳುವಂತೆ ಕೂಗುತ್ತಾನೆ.
ನಾನೂ ನಗುತ್ತೇನೆ.
ಮಲಕ್ಕೆ ಹೇಸದವಳು ಮಾತಿಗೆ ಹೇಸಿದರಾದೀತೆ?

ನಮ್ಮ ಮನೆಯ ಎರಡು ಡಬ್ಬಿ ಮಾತ್ರ
ಏಳು ವರ್ಷ ಖಾಲಿಯೇ ಉಳಿದವು.

ಸಂಗ್‌ವಿಯನ್, ನನ್ನ ಗಂಡ,
ಚಿ ನದಿಯ ತಿರುವಿನಲ್ಲಿ ಬಲೆ ಬೀಸುವವ.
ಬೆರಳುದ್ದದ ಬಿಳಿಮೀನು ಹೆಕ್ಕಿ, ಹುರುಪೆ ಕೆರೆದು, ಕೊಚ್ಚಿ,
ಹುರಿದಕ್ಕಿಯ ಪುಡಿ, ಒಣಮೆಣಸು, ಪುದೀನ,
ಒಂದು ಹಿಡಿ ಕೆಂಪಿರುವೆ.
ಮೇಲೆ ನಿಂಬೆ ಹಿಂಡಿದರೆ ಹಸಿ ಮಾಂಸ ಬಿಳುಚಿಕೊಳ್ಳುತ್ತಿತ್ತು.
'ನೋಡು, ಬೆಂದಿತು.'
'ಬೆಂಕಿಯಿಲ್ಲದೆ ಬೇಯುವುದು ಹೊಟ್ಟೆಕಿಚ್ಚಿನವರ ಹೊಟ್ಟೆಯೊಂದೇ,'
ಎನ್ನುತ್ತಲೇ
ಅಂಟಕ್ಕಿಯ ಉಂಡೆ ಕಟ್ಟಿ
ನಾನೂ ಅದೇ ಬಟ್ಟಲಿಗೆ ಅದ್ದುತ್ತಿದ್ದೆ.

ತರಬೇತಿಯಲ್ಲಿ ಗಾಜಿನ ಕೆಳಗೆ ತೋರಿಸಿದ್ದರು:
ಉಗುರು ಕತ್ತರಿಸಿದ ಚೂರಿನಷ್ಟು, ಎಲೆಯಂತೆ ಚಪ್ಪಟೆ.
ಇದಕ್ಕಾ ಇಷ್ಟು ಗದ್ದಲ, ಅನ್ನಿಸಿತ್ತು.
ಶಂಖದ ಹುಳದಲ್ಲಿ ಕೆಲಕಾಲ, ಮೀನಿನಲ್ಲಿ ಕೆಲಕಾಲ,
ಆಮೇಲೆ ನಮ್ಮ ಪಿತ್ತನಾಳದ ಓಣಿಯಲ್ಲಿ ಬಾಡಿಗೆಯಿಲ್ಲದ ಬಿಡಾರ,
ಹತ್ತಿಪ್ಪತ್ತು ವರ್ಷ.
ಉಂಡ ಮನೆಗೆ ಎರಡು ಬಗೆಯುವವರು
ಸದ್ದು ಮಾಡುವುದಿಲ್ಲ.

ಏನಿತ್ತು ಅವನಿಗೆ? ಏನೂ ಇರಲಿಲ್ಲ.
ಉಂಡೊಡನೆ ಹೊಟ್ಟೆಯುಬ್ಬರ, ಅದು ಅಂಟಕ್ಕಿಯ ತಪ್ಪು.
ಬಲ ಪಕ್ಕೆಯಡಿ ಕಾವು, ಬಲೆ ಎಳೆದದ್ದು.
ನಡು ಮಧ್ಯಾಹ್ನಕ್ಕೇ ಸುಸ್ತು;
ಐವತ್ತೆರಡಾಯಿತಲ್ಲ ಎಂದು ಇಬ್ಬರೂ ಒಪ್ಪಿಕೊಂಡೆವು.
'ಪರೀಕ್ಷೆ ಬೇಡ, ಮಾತ್ರೆ ಕೊಡು,' ಎನ್ನುತ್ತಿದ್ದ.
ಕೊಡುತ್ತಿದ್ದೆ.
ಸಾಬೂನು ಇದೆಯೆಂದು ಕೆಸರಿಗಿಳಿಯುವ ಹುಡುಗನಂತೆ
ವಾರದೊಳಗೆ ಮತ್ತೆ ನಿಂಬೆ ಕೊಯ್ಯುತ್ತಿದ್ದ.

ಆ ಚಳಿಗಾಲ ತುರಿಕೆ ಶುರುವಾಯಿತು.
ದದ್ದಿಲ್ಲ, ಗುಳ್ಳೆಯಿಲ್ಲ.
ಇರುಳೆಲ್ಲ ಅಂಗಾಲು, ಅಂಗೈ, ಬೆನ್ನು;
ಎಮ್ಮೆಯಂತೆ ಕಂಬಕ್ಕೆ ಮೈಯುಜ್ಜುವ ಸದ್ದು.
ನಾನು ಚಾಪೆ ಬಿಸಿಲಿಗೆ ಹಾಕಿದೆ, ತಿಗಣೆ ಹುಡುಕಿದೆ.
ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದ್ದನ್ನು
ನನಗೆ ಹೇಳಲಿಲ್ಲ.
ಊರಿನ ಮುನ್ನೂರು ಜನರ ಮಲದ ಬಣ್ಣ ಬಲ್ಲವಳು ನಾನು,
ಅವನದು ಜೇಡಿಮಣ್ಣಿನಂತೆ ಬೆಳ್ಳಗಾದದ್ದನ್ನು
ನೀರು ಸರಿಯಾಗಿ ಹೋಗದ ಒಂದು ಬೆಳಗ್ಗೆ ಕಂಡೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಸುಳ್ಳು.
ಅವನಿಗೆ ನದಿ ನದಿಯ ಬಣ್ಣದಲ್ಲೇ ಇತ್ತು,
ನನ್ನ ಸೀರಿಯಸ್ ಮುಖ ಕಂಡು ತಮಾಷೆಯನ್ನೂ ಮಾಡಿದ.
ಹಳದಿ ಕಂಡದ್ದು ನಮಗೆ.

ಖೋನ್ ಕೇನ್ ಆಸ್ಪತ್ರೆಯಲ್ಲಿ
ಹೊಟ್ಟೆಯ ಮೇಲೆ ತಣ್ಣನೆ ಜೆಲ್ ಸವರಿದ ಹುಡುಗಿ
ಪರದೆಯನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದಳು.
ಹಳೆಯ ಗಾಯ, ಅದರ ಮೇಲೆ ಗಾಯ,
ವಾಸಿಯಾಗಿ ವಾಸಿಯಾಗಿ
ನಿಲ್ಲಿಸುವುದನ್ನೇ ಮರೆತ ಮಾಂಸ.
ಹುಳ ಎಂದೋ ಸತ್ತಿರಬಹುದು, ಎಂದರು ಡಾಕ್ಟರು.
ಅದರ ಕೆಲಸ ಮಾತ್ರ ನಡೆದೇ ಇತ್ತು.

ಕೊನೆಯ ವಾರ ಅದೇ ಮೀನು ಕೇಳಿದ.
ಬಾಣಲೆಯಲ್ಲಿ ಹದವಾಗಿ ಹುರಿದೆ, ನಿಂಬೆ ಹಿಂಡಿದೆ.
ಒಂದು ಚೂರು ನಾಲಿಗೆಯ ಮೇಲಿಟ್ಟುಕೊಂಡು
ಬಹಳ ಹೊತ್ತು ನನ್ನನ್ನೇ ನೋಡಿದ.
'ಈಗ ಬೇಯಿಸಿದೆ,' ಎಂದ.

ಚಿತೆಯಾರುವ ಮೊದಲೇ ಗಂಡಸರು
ಅಕ್ಕಿ ಸಾರಾಯಿ ಸುರಿದುಕೊಂಡು ಹಸಿಮೀನಿಗೆ ನಿಂಬೆ ಹಿಂಡಿದರು,
ಅವನಿಗೆ ಇಷ್ಟವಾದದ್ದೆಂದು.
ಪ್ರಯೂನ್ ನನಗೂ ಒಂದು ಬಟ್ಟಲು ತಂದ. ಅಳುತ್ತಿದ್ದ.
ಇಸಿದುಕೊಂಡೆ. ಕೆಳಗಿಟ್ಟೆ.

ರಾತ್ರಿ ಚೀಲ ಕೊಡವಿದಾಗ ಅವನ ಡಬ್ಬಿ ಬಿತ್ತು.
ಸ್ಪಿರಿಟ್ ಹಚ್ಚಿ ಹೆಸರು ಒರೆಸಿದೆ,
ಪೂರ್ತಿ ಹೋಗಲಿಲ್ಲ.
ಅದರ ಮೇಲೆಯೇ ನನ್ನದು ಬರೆದೆ.